ಬೋಡಿ: ಸೌದೆಯ ಮೇಲೆ ನಿಂತಿದ್ದ ಚಿನ್ನದ ಊರು

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ಮೋನೋ ಕೌಂಟಿಯ ಬೋಳು ಗುಡ್ಡಗಳ ನಡುವೆ ಇರುವ ಬೋಡಿ ಎಂಬ ಊರು. 395ನೇ ಹೆದ್ದಾರಿಯಿಂದ ಕವಲೊಡೆದು ಬರುವ ರಸ್ತೆಯಲ್ಲಿ ಕೊನೆಯ ಮೂರು ಮೈಲಿಗಳಿಗೆ ಡಾಂಬರಿಲ್ಲ. ಆ ಕಲ್ಲುದಾರಿಯ ಕುಲುಕಾಟ ಮುಗಿಯುವ ಹೊತ್ತಿಗೆ, ಬಿಸಿಲಿಗೆ ಕಂದಿದ ಹಲಗೆಯ ಮನೆಗಳು ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಸಮುದ್ರಮಟ್ಟದಿಂದ 8,379 ಅಡಿ ಎತ್ತರದಲ್ಲಿದ್ದೇವೆ. ನಾಲ್ಕು ಹೆಜ್ಜೆ ಬೇಗ ನಡೆದರೂ ಉಸಿರು ಕಟ್ಟುತ್ತದೆ.

ಇಲ್ಲಿ ನಿಂತು ಸುತ್ತ ಒಮ್ಮೆ ಕಣ್ಣಾಡಿಸಿ. ಮೊಣಕಾಲೆತ್ತರದ ಸೇಜ್ ಪೊದೆಗಳಿವೆ, ಒಣಗಿದ ಹುಲ್ಲಿದೆ, ನೆರಳು ಕೊಡುವ ಮರ ಮಾತ್ರ ಕಾಣುವುದಿಲ್ಲ. ಗಟ್ಟಿಮುಟ್ಟಾದ ನೂರಕ್ಕೂ ಹೆಚ್ಚು ಮರದ ಕಟ್ಟಡಗಳು ಕಣ್ಣೆದುರಿಗೇ ಇವೆ, ಅವಕ್ಕೆ ಬೇಕಾದ ಮರ ಇಲ್ಲಿ ಬೆಳೆದದ್ದಲ್ಲ. ಅಮೆರಿಕದ ಪಶ್ಚಿಮದ ಗಣಿ ಊರುಗಳ ಬಗ್ಗೆ ಮಾತು ಬಂದಾಗಲೆಲ್ಲ ಕುಡಿತ, ಜೂಜು, ಪಿಸ್ತೂಲುಗಳ ಕತೆಯೇ ಮುಂದೆ ಬರುತ್ತದೆ. ಬೋಡಿಯಲ್ಲಿ ಅವು ಇದ್ದದ್ದು ನಿಜ. ಆದರೆ ಈ ಊರಿನ ಜನ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಚಿಂತಿಸುತ್ತಿದ್ದದ್ದು ಸೌದೆಯ ಬಗ್ಗೆ ಎಂಬುದು ಇಲ್ಲಿ ಓಡಾಡಿದಷ್ಟೂ ನನಗೆ ಗಟ್ಟಿಯಾಗುತ್ತಾ ಹೋಯಿತು. ಚಿನ್ನ ನೆಲದೊಳಗಿತ್ತು. ಅದನ್ನು ಹೊರತೆಗೆಯುವ ಬೆಂಕಿ ಎಲ್ಲಿಂದಲೋ ಬರಬೇಕಾಗಿತ್ತು.

1859ರಲ್ಲಿ ಡಬ್ಲ್ಯು. ಎಸ್. ಬೋಡಿ ಎಂಬಾತ ತನ್ನ ಸಂಗಡಿಗರೊಂದಿಗೆ ಇಲ್ಲಿ ಚಿನ್ನ ಕಂಡ. ಅದೇ ವರ್ಷದ ಹಿಮಗಾಳಿಯಲ್ಲಿ ಸಿಕ್ಕಿ ಸತ್ತ. ಮುಂದಿನ ಹದಿನೈದಕ್ಕೂ ಹೆಚ್ಚು ವರ್ಷ ಇದು ಹೇಳಿಕೊಳ್ಳುವಂಥ ಜಾಗವೇನೂ ಆಗಿರಲಿಲ್ಲ. 1870ರ ದಶಕದ ನಡುವೆ ಗಣಿಯೊಂದು ಕುಸಿದು ಶ್ರೀಮಂತ ಅದಿರಿನ ಪದರ ಹೊರಬಿದ್ದ ಮೇಲೆ, 1877ರಲ್ಲಿ ಸ್ಟ್ಯಾಂಡರ್ಡ್ ಕಂಪನಿ ಹುಟ್ಟಿಕೊಂಡಿತು, ಹಿಂದೆಯೇ ಜನ ನುಗ್ಗಿದರು. 1880ರ ಸುಮಾರಿಗೆ ಊರಿನಲ್ಲಿ ಏಳರಿಂದ ಹತ್ತು ಸಾವಿರ ಜನರಿದ್ದರೆಂದು ಅಂದಾಜು. ಐದಾರು ವರ್ಷಗಳ ಈ ಭರಾಟೆ 1882ರ ಹೊತ್ತಿಗೆ ಇಳಿಮುಖವಾಗಿತ್ತು.

ಈಗ ಈ ಮನೆಯ ಗೋಡೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಹಲಗೆಗಳ ಸಂದಿಯ ಮೇಲೆ ತಗಡಿನ ತುಂಡುಗಳನ್ನು ಸಾಲಾಗಿ ಮೊಳೆ ಹೊಡೆದು ಕೂರಿಸಿದ್ದಾರೆ. ಇವು ಅಂಗಡಿಯಿಂದ ತಂದ ತಗಡಲ್ಲ. ಡಬ್ಬಿಗಳನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿದವು. ತುಂಡಿನ ಅಂಚಿನಲ್ಲಿ ಬೆರಳಿನಷ್ಟು ಅಗಲಕ್ಕೆ ಹಳೆಯ ಮಡಿಕೆಯ ಗುರುತು ಇನ್ನೂ ಇದೆ, ಮೊಳೆಯ ಸುತ್ತ ತುಕ್ಕು ಇಳಿದು ಹಲಗೆಗೆ ಕೆಂಪು ಬಣ್ಣ ಹಿಡಿದಿದೆ. ಎಷ್ಟೋ ಮನೆಗಳಿಗೆ ಒಂದೇ ಪದರದ ಹಲಗೆ ಗೋಡೆ. ಗಾಳಿ ತಡೆಯಲು ಒಳಗಡೆ ಬಟ್ಟೆಯನ್ನೋ ಹಳೆಯ ಪತ್ರಿಕೆಗಳನ್ನೋ ಅಂಟಿಸುತ್ತಿದ್ದರು. ಜುಲೈ ತಿಂಗಳಲ್ಲೂ ರಾತ್ರಿ ನೀರು ಹೆಪ್ಪುಗಟ್ಟಬಲ್ಲ ಊರಿನಲ್ಲಿ ಇಂಥ ಗೋಡೆಗಳ ಹಿಂದೆ ಜನ ಸಂಸಾರ ಮಾಡಿದರು, ಮಕ್ಕಳನ್ನು ಹೆತ್ತರು. ಒಲೆ ಆರಿದರೆ ಮನೆಯೇ ಆರಿದಂತೆ. 1878–79ರ ಚಳಿಗಾಲ ಬಹಳ ಕಠೋರವಾಗಿತ್ತು, ಸರಿಯಾದ ಆಸರೆಯಿಲ್ಲದೆ ಬಂದಿಳಿದಿದ್ದ ಎಷ್ಟೋ ಜನ ಚಳಿಗೆ, ಕಾಯಿಲೆಗೆ ಬಲಿಯಾದರು.

ಗಣಿ ಕಾರ್ಮಿಕನ ದಿನಗೂಲಿ ನಾಲ್ಕು ಡಾಲರ್, ಪಾಳಿ ಹತ್ತು ಗಂಟೆಯದು. ಆ ಕಾಲಕ್ಕೆ ಅದು ಒಳ್ಳೆಯ ಕೂಲಿಯೇ, ಆದರೆ ಊಟ, ಬಾಡಿಗೆ, ಸೌದೆ ಎಲ್ಲದರ ಬೆಲೆಯೂ ಊರಿನ ಎತ್ತರಕ್ಕೆ ತಕ್ಕಂತೆ ಏರಿತ್ತು. ಮೇಣದ ಬತ್ತಿಯನ್ನು ಚೂಪಾದ ಕಬ್ಬಿಣದ ಹಿಡಿಕೆಗೆ ಸಿಕ್ಕಿಸಿ, ಆ ಚೂಪನ್ನು ಆಸರೆಮರಕ್ಕೆ ಚುಚ್ಚಿ, ಅದರ ಬೆಳಕಿನಲ್ಲಿ ಒಬ್ಬ ಉಕ್ಕಿನ ಸರಳನ್ನು ಬಂಡೆಗೆ ಹಿಡಿದು ತಿರುಗಿಸುತ್ತಿದ್ದರೆ ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಕುಳಿ ಆಳವಾದ ಮೇಲೆ ಸಿಡಿಮದ್ದು ತುಂಬಿ ಸಿಡಿಸುವುದು, ಅದಿರನ್ನು ಬಗ್ಗಿ ತುಂಬಿ ಮೇಲಕ್ಕೆ ಕಳುಹಿಸುವುದು. ಆಳದ ಸೆಕೆಯಲ್ಲಿ ಬೆವತ ಮೈಯಲ್ಲೇ ಮೇಲೆ ಬಂದು ಹಿಮಗಾಳಿಗೆ ಮೈಯೊಡ್ಡುವ ಈ ಜನರನ್ನು ನ್ಯುಮೋನಿಯಾ ಸುಲಭವಾಗಿ ಹಿಡಿಯುತ್ತಿತ್ತು. ಅವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರೂ ಇದ್ದರು. ಆ ಕಾರ್ನ್‌ವಾಲ್‌ನ ಜನರೇ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದವರು ಎಂಬುದನ್ನು ಕೆಜಿಎಫ್‌ನ ಕಡೆಯವರು ಬಲ್ಲರು.

ಮೇಲಿನ ಆ ದೊಡ್ಡ ತಗಡಿನ ಕಟ್ಟಡ ಸ್ಟ್ಯಾಂಡರ್ಡ್ ಮಿಲ್ಲು. 1898ರ ಬೆಂಕಿಯಲ್ಲಿ ಹಳೆಯದು ಸುಟ್ಟುಹೋದ ಮೇಲೆ ಬೇಗನೆ ಮತ್ತೆ ಕಟ್ಟಿದ್ದು ಇದು. ಒಳಗೆ ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಬತ್ತ ಕುಟ್ಟುವಂತೆ ಅದಿರನ್ನು ಕುಟ್ಟಿ ಹಿಟ್ಟು ಮಾಡುತ್ತಿದ್ದವು. ಆ ಹಿಟ್ಟನ್ನು ನೀರಿನ ಜೊತೆ ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸಿದರೆ ಚಿನ್ನ ಪಾದರಸಕ್ಕೆ ಅಂಟುತ್ತದೆ. ಅದನ್ನು ಕೆರೆದು ತೆಗೆದು ಕಾಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಒನಕೆಗಳು ಹಗಲು ರಾತ್ರಿ ನಿಲ್ಲುತ್ತಿರಲಿಲ್ಲ. ಇಡೀ ಊರು ಆ ಸದ್ದಿನಲ್ಲೇ ಉಣ್ಣುತ್ತಿತ್ತು, ಅದರಲ್ಲೇ ನಿದ್ದೆ ಮಾಡುತ್ತಿತ್ತು.

ಈ ಒನಕೆಗಳನ್ನು ಎತ್ತಲು, ಗಣಿಯ ನೀರನ್ನು ಹೊರಹಾಕಲು, ಜನರನ್ನೂ ಅದಿರನ್ನೂ ಮೇಲಕ್ಕೆಳೆಯಲು ಎಲ್ಲಕ್ಕೂ ಉಗಿಯಂತ್ರಗಳು ಬೇಕಾಗಿದ್ದವು, ಆ ಯಂತ್ರಗಳ ಬಾಯ್ಲರುಗಳಿಗೆ ಸೌದೆಯೇ ಆಹಾರವಾಗಿತ್ತು. ಮನೆಗಳ ಒಲೆ, ಗಣಿಯೊಳಗಿನ ಆಸರೆಮರ, ಹೊಸ ಮನೆಗಳ ಹಲಗೆ ಇವೆಲ್ಲ ಬೇರೆ. ಸುತ್ತಲಿನ ಗುಡ್ಡಗಳ ಪಿನ್ಯನ್ ಪೈನ್ ಮರಗಳು ಮೊದಲು ಕೊಡಲಿಗೆ ಸಿಕ್ಕವು. ಆ ಮರದ ಬೀಜ ಈ ನೆಲದ ಮೂಲನಿವಾಸಿಗಳಾದ ಪಯೂಟ್ ಜನರಿಗೆ ಚಳಿಗಾಲವನ್ನು ಕಳೆಯುವ ಮುಖ್ಯ ಆಹಾರ. ಊರಿನ ಒಲೆ ಉರಿಸಲು ಕಡಿದದ್ದು ಇನ್ನೊಂದು ಜನಾಂಗದ ಕಣಜವನ್ನು ಎಂಬ ಮಾತನ್ನು ಬೋಡಿಯ ಕತೆ ಹೇಳುವವರು ಅಷ್ಟಾಗಿ ಎತ್ತುವುದಿಲ್ಲ. ಎತ್ತಬೇಕು ಎಂದು ನನಗೆ ಅನಿಸುತ್ತದೆ.

ಕಡಿದ ಸೌದೆಯನ್ನು ಪ್ರಾಣಿಗಳ ಬೆನ್ನಿಗೆ ಕಟ್ಟಿ ಊರಿಗೆ ತಂದು ಮಾರುವವರಲ್ಲಿ ಚೀನೀಯರು ಬಹಳ ಮಂದಿ ಇದ್ದರು. ಕಿಂಗ್ ಸ್ಟ್ರೀಟಿನಲ್ಲಿ ಅವರದೇ ಕೇರಿಯಿತ್ತು. ಬಟ್ಟೆ ಒಗೆಯುವುದು, ತರಕಾರಿ ಮಾರುವುದು, ಸೌದೆ, ಇದ್ದಿಲು, ಇವು ಅವರ ಕಸುಬು. ಗಣಿಯ ಕೆಲಸ ಅವರಿಗೆ ಸಿಗುತ್ತಿರಲಿಲ್ಲ, ಏಕೆಂದರೆ 1877ರಲ್ಲಿ ಹುಟ್ಟಿದ ಗಣಿ ಕಾರ್ಮಿಕರ ಸಂಘ ಅದಕ್ಕೆ ಅಡ್ಡವಾಗಿತ್ತು. ಮುಖ್ಯ ಬೀದಿಯಲ್ಲಿರುವ ಆ ಸಂಘದ ಸಭಾಂಗಣ ಈಗ ವಸ್ತುಸಂಗ್ರಹಾಲಯ. ಊರಿನ ನೃತ್ಯಕೂಟ, ಹಬ್ಬದ ಸಂಭ್ರಮ, ಶವಯಾತ್ರೆ ಎಲ್ಲಕ್ಕೂ ಅದೇ ಜಾಗವಾಗಿತ್ತು. ನಾಲ್ಕು ಡಾಲರ್ ಕೂಲಿಯನ್ನು ಕಾಯ್ದುಕೊಂಡ ಆ ಸಂಘದ ಗಟ್ಟಿತನವನ್ನು ನಾನು ಗೌರವಿಸುತ್ತೇನೆ. ಅದೇ ಸಂಘ ಚೀನೀಯರೊಂದಿಗೆ ನಡೆದುಕೊಂಡ ರೀತಿಯನ್ನು ಒಪ್ಪಲಾರೆ.

1881ರಲ್ಲಿ ಆದದ್ದನ್ನೇ ನೋಡಿ. ಹತ್ತಿರದ ಮರಗಳು ಸಾಲದೆ ಬಂದಾಗ, ಮೋನೋ ಸರೋವರದ ದಕ್ಷಿಣಕ್ಕಿರುವ ಜೆಫ್ರಿ ಪೈನ್ ಕಾಡಿನಿಂದ ಮರ ತರಲು 32 ಮೈಲಿ ಉದ್ದದ, ಅಂದರೆ ಸುಮಾರು 51 ಕಿಲೋಮೀಟರಿನ ಕಿರುಹಳಿಯ ರೈಲುಮಾರ್ಗವನ್ನು ಹಾಕಲು ಹೊರಟರು. ಹಳಿ ಹಾಕುವ ಕೆಲಸಕ್ಕೆ ಚೀನೀ ಕೂಲಿಗಳನ್ನು ಕರೆಸಿದ್ದು ಗೊತ್ತಾದಾಗ, ಅವರನ್ನು ಓಡಿಸಲೆಂದು ಬೋಡಿಯಿಂದ ಒಂದು ದಂಡೇ ಹೊರಟಿತು. ರೈಲು ಕಂಪನಿಯವರು ಆ ಕೂಲಿಗಳನ್ನು ದೋಣಿಯಲ್ಲಿ ಸರೋವರದ ನಡುವಿನ ಪವೋಹಾ ದ್ವೀಪಕ್ಕೆ ಸಾಗಿಸಿ ಉಳಿಸಿದರು. ಇಷ್ಟೆಲ್ಲ ಆಗಿ, ಅದೇ ವರ್ಷ ರೈಲು ಓಡತೊಡಗಿತು. ಅದು ದೇಶದ ಬೇರೆ ಯಾವ ರೈಲುಮಾರ್ಗಕ್ಕೂ ಕೊನೆಯವರೆಗೆ ಸೇರಲೇ ಇಲ್ಲ. ಒಂದು ತುದಿಯಲ್ಲಿ ಮೋನೋ ಮಿಲ್ಸ್ ಎಂಬ ಮರಕೊಯ್ಯುವ ಕಾರ್ಖಾನೆ, ಇನ್ನೊಂದು ತುದಿಯಲ್ಲಿ ಬೋಡಿಯ ಹಸಿದ ಬಾಯ್ಲರುಗಳು. ಅದಕ್ಕಿದ್ದ ಕೆಲಸ ಇಷ್ಟೇ.

ಊಟದ ವಿಷಯಕ್ಕೆ ಬರೋಣ. ಬೂನ್ ಅಂಗಡಿಯ ಕಿಟಕಿಗೆ ಕ್ಯಾಮೆರಾ ಒತ್ತಿ ಹಿಡಿದಿದ್ದೇನೆ, ಒಳಗೆ ಬಿಡುವುದಿಲ್ಲ. ಗಾಜಿನಾಚೆ ಕಪಾಟುಗಳಲ್ಲಿ ಡಬ್ಬಿಗಳು, ಪೆಟ್ಟಿಗೆಗಳು ಧೂಳು ಹೊತ್ತು ಇನ್ನೂ ಕೂತಿವೆ. ಡಬ್ಬಿಯ ಆಹಾರ ಈ ಊರಿನ ಆಧಾರ. ಬೆಟ್ಟದ ಕೆಳಗಿನ ಬ್ರಿಡ್ಜ್‌ಪೋರ್ಟ್ ಕಣಿವೆಯ ದನಗಳಿಂದ ಮಾಂಸ ಬರುತ್ತಿತ್ತು. ಮೊಟ್ಟೆಯ ಕತೆ ನನಗೆ ವಿಶೇಷವಾಗಿ ಕಂಡಿತು: ಕೋಳಿಮೊಟ್ಟೆ ದುರ್ಲಭವಾದ್ದರಿಂದ ಮೋನೋ ಸರೋವರದ ದ್ವೀಪಗಳಲ್ಲಿ ಗೂಡುಕಟ್ಟುವ ಕಡಲಕಾಗೆಗಳ ಮೊಟ್ಟೆಗಳನ್ನು ಆರಿಸಿ ತಂದು ಈ ಗಣಿ ಊರುಗಳಲ್ಲಿ ಮಾರುತ್ತಿದ್ದರು.

ಮದ್ಯದಂಗಡಿಗಳು ಅರವತ್ತೈದಿದ್ದವೆಂದು ಹೇಳುತ್ತಾರೆ. ಅವುಗಳ ಜನಜಂಗುಳಿಗೂ ಸೌದೆಗೂ ನಂಟಿತ್ತು ಎಂದೇ ನಾನು ತಿಳಿಯುತ್ತೇನೆ. ಬಾಡಿಗೆ ಕೋಣೆಯಲ್ಲಿ ಒಬ್ಬಂಟಿಯಾಗಿ ಇರುವ ಗಂಡಸು ತನ್ನ ಒಲೆಗೆ ದುಬಾರಿ ಸೌದೆ ಹಾಕುವ ಬದಲು, ಬೇರೆಯವರ ಒಲೆ ಉರಿಯುವ ಕಡೆ ಒಂದು ಲೋಟ ಹಿಡಿದು ಸಂಜೆ ಕಳೆಯುವುದು ಸಹಜವಲ್ಲವೇ?

ಇನ್ನು ಬದಲಾವಣೆಯ ಕತೆ. ಸ್ಟ್ಯಾಂಡರ್ಡ್ ಕಂಪನಿಯ ಮೇಲ್ವಿಚಾರಕ ಥಾಮಸ್ ಲೆಗೆಟ್, ಸೌದೆಯ ಖರ್ಚಿನಿಂದ ಬಿಡಿಸಿಕೊಳ್ಳಲು ಗ್ರೀನ್ ಕ್ರೀಕ್ ಎಂಬ ತೊರೆಯ ನೀರಿನಿಂದ ವಿದ್ಯುತ್ ತಯಾರಿಸಿ, ಸುಮಾರು 13 ಮೈಲಿ ದೂರದಿಂದ ತಂತಿಯ ಮೇಲೆ ಮಿಲ್ಲಿಗೆ ತರುವ ಯೋಜನೆ ಹಾಕಿದರು. 1892–93ರಲ್ಲಿ ಅದು ಕೈಗೂಡಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿ ದೊಡ್ಡ ಯಂತ್ರ ತಿರುಗಿಸಿದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ತಂತಿ ಎಲ್ಲಾದರೂ ತಿರುವು ತೆಗೆದುಕೊಂಡರೆ ವಿದ್ಯುತ್ ಹೊರಗೆ ಹಾರಿಬಿಡುತ್ತದೆ ಎಂಬ ಭಯದಿಂದ ಕಂಬಗಳನ್ನು ನೆಟ್ಟಗೆ ನೆಟ್ಟರು ಎಂಬ ಮಾತು ಇಲ್ಲಿ ಚಾಲ್ತಿಯಲ್ಲಿದೆ. ಅದನ್ನು ಊರಕತೆಯೆಂದಷ್ಟೇ ತೆಗೆದುಕೊಳ್ಳಿ. ಸುಮಾರು ಹತ್ತು ವರ್ಷಗಳ ಬಳಿಕ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಆ ಕೆಲಸ ಇದಕ್ಕಿಂತ ಏಳು ಪಟ್ಟು ದೂರದ್ದು. ಬೋಡಿಯ ಈ ಮಿಲ್ಲಿನ ಎದುರು ನಿಂತಾಗ ಅದನ್ನು ನೆನೆದು ನನಗೆ ನಿಜಕ್ಕೂ ಹೆಮ್ಮೆಯಾಯಿತು.

ವಿದ್ಯುತ್ ಬಂದರೂ ಅದಿರು ಬಡವಾಗುತ್ತಲೇ ಹೋಯಿತು. ಹಿಂದೆ ಚೆಲ್ಲಿದ್ದ ಅದಿರಿನ ಪುಡಿಯಿಂದ ಸಯನೈಡಿನ ಮೂಲಕ ಉಳಿದ ಚಿನ್ನ ತೆಗೆದು ಕೆಲಕಾಲ ಊರು ಜೀವ ಹಿಡಿಯಿತು. ಹಳಿಗಳನ್ನು ಮೊದಲ ಮಹಾಯುದ್ಧದ ಕಾಲಕ್ಕೆ ಕಿತ್ತರು. 1932ರ ಬೆಂಕಿ ಊರಿನ ಬಹುಪಾಲನ್ನು ಸುಟ್ಟಿತು. ಯುದ್ಧಕ್ಕೆ ಅನಿವಾರ್ಯವಲ್ಲದ ಚಿನ್ನದ ಗಣಿಗಳನ್ನು ಮುಚ್ಚಬೇಕೆಂದು 1942ರಲ್ಲಿ ಸರ್ಕಾರದ ಆದೇಶ ಬಂತು, ಅದೇ ವರ್ಷ ಅಂಚೆ ಕಚೇರಿಯೂ ಬಾಗಿಲು ಹಾಕಿತು. 1962ರಿಂದ ಬೋಡಿ ರಾಜ್ಯದ ಐತಿಹಾಸಿಕ ಉದ್ಯಾನ. ಕಟ್ಟಡಗಳನ್ನು ಹೊಸದಾಗಿಸದೆ, ಬೀಳಲೂ ಬಿಡದೆ, ಇದ್ದ ಹಾಗೆ ಹಿಡಿದು ನಿಲ್ಲಿಸುವುದು ಇಲ್ಲಿನವರ ನಿಯಮ.

ಬರುವವರಿಗೆ ಒಂದೆರಡು ಮಾತು. ಇಲ್ಲಿ ಊಟವಾಗಲಿ ಪೆಟ್ರೋಲಾಗಲಿ ಸಿಗುವುದಿಲ್ಲ, ಚಳಿಗಾಲದಲ್ಲಿ ಹಿಮದಿಂದ ದಾರಿ ಮುಚ್ಚಿರುತ್ತದೆ. ನೆಲದ ಮೇಲೆ ಬಿದ್ದ ಒಂದು ಮೊಳೆಯನ್ನೂ ಎತ್ತಿಕೊಳ್ಳುವಂತಿಲ್ಲ. ಸಮಯವಿದ್ದರೆ ಬೋಡಿಯಷ್ಟಕ್ಕೇ ಹಿಂತಿರುಗದೆ, 120ನೇ ಹೆದ್ದಾರಿಯ ಪಕ್ಕದ ಮೋನೋ ಮಿಲ್ಸ್‌ಗೂ ಹೋಗಿಬನ್ನಿ. ಅಲ್ಲಿ ಕಾರ್ಖಾನೆಯ ಅಡಿಪಾಯವಿದೆ, ಕಡಿದ ಕಾಡಿನ ಜಾಗದಲ್ಲಿ ಮತ್ತೆ ಬೆಳೆದ ಜೆಫ್ರಿ ಪೈನ್ ಮರಗಳಿವೆ. ನಾನು ಈಗ ಕಾರು ತಿರುಗಿಸಿ ಹೊರಟಿರುವುದೂ ಅಲ್ಲಿಗೇ.