ಅರ್ಧ ಮೀನಿನ ಲೆಕ್ಕ

ನಮಸ್ಕಾರ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸುರತ್ಕಲ್ಲಿನ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ನಾಲ್ಕು ಗಂಟೆ ಗಾಳ ಹಾಕಿ ಕುಳಿತು, ಅಂಗೈಯಗಲದ ಒಂದೇ ಒಂದು ಮೀನಿನೊಂದಿಗೆ ಮನೆಗೆ ಬಂದೆ. ಎರೆಗೆಂದು ಕೊಂಡ ಸಿಗಡಿಗೆ ನೂರೈವತ್ತು ರೂಪಾಯಿ, ಕಲ್ಲಿನ ಸಂದಿಯಲ್ಲಿ ಸಿಕ್ಕು ದಾರದ ಸಮೇತ ಹೋದ ಗಾಳಕ್ಕೂ ಸೀಸದ ಗುಂಡುಗಳಿಗೂ ಇನ್ನೂರು, ಬೈಕಿನ ಪೆಟ್ರೋಲು ಬೇರೆ. ಅಮ್ಮ ಮೀನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಇದೇ ದುಡ್ಡಿಗೆ ಮಾರ್ಕೆಟಿನಲ್ಲಿ ಬೇಕಾದಷ್ಟು ಬಂಗುಡೆ ಬರ್ತಿತ್ತಲ್ಲ ಮಾರಾಯಾ" ಎಂದರು.

ಅಮ್ಮ ಬಾಯಲ್ಲಿ ಹಾಕಿದ ಈ ಲೆಕ್ಕವನ್ನು ಬ್ರಿಟನ್ ಸರ್ಕಾರ 2012ರಲ್ಲಿ ಇಂಗ್ಲೆಂಡಿನ ಮಟ್ಟಿಗೆ ಶಾಸ್ತ್ರೋಕ್ತವಾಗಿ ಹಾಕಿಸಿತ್ತು. ಹೊಟ್ಟೆಪಾಡಿನ ಹಂಗಿಲ್ಲದೆ, ಬರೀ ಹವ್ಯಾಸಕ್ಕಾಗಿ ಕಡಲಿಗೆ ಗಾಳ ಹಾಕುವವರು ಅಲ್ಲಿ ಸುಮಾರು 8 ಲಕ್ಷ 84 ಸಾವಿರ ಮಂದಿ ಇದ್ದಾರೆಂದೂ, ಆ ಒಂದು ವರ್ಷದಲ್ಲಿ ಅವರು ಮಾಡಿದ ಖರ್ಚು 123 ಕೋಟಿ ಪೌಂಡ್ ಎಂದೂ ಸಮೀಕ್ಷೆ ಅಂದಾಜಿಸಿತು. ಭಾಗಿಸಿ ನೋಡಿದರೆ ತಲೆಗೆ 1,390 ಪೌಂಡಿನಷ್ಟಾಗುತ್ತದೆ, ಅಂದರೆ ನಮ್ಮ ಲಕ್ಷ ರೂಪಾಯಿಗೂ ಮಿಗಿಲು. ದೋಣಿ ಇಟ್ಟುಕೊಂಡವರ ದೊಡ್ಡ ಖರ್ಚು ಈ ಸರಾಸರಿಯನ್ನು ಮೇಲಕ್ಕೆ ಎಳೆದಿದೆ ಎಂಬುದು ನಿಜ. ಆದರೆ ಕಡಲಿನಲ್ಲಿ ಗಾಳ ಹಾಕುವುದಕ್ಕೆ ಅಲ್ಲಿ ಲೈಸೆನ್ಸ್ ಶುಲ್ಕವೇ ಇಲ್ಲ; ಹೊಳೆ ಕೆರೆಗಳಿಗೆ ಮಾತ್ರ ಇದೆ. ಪುಕ್ಕಟೆ ಹವ್ಯಾಸವೆಂದು ಹೆಸರು ಪಡೆದ ಆಟಕ್ಕೆ ಬಿದ್ದ ಖರ್ಚು ಇದು.

ಅದೇ ಸಮೀಕ್ಷೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೊಂದು ಸಂಗತಿಯಿದೆ. ದಡದಲ್ಲಿ ನಿಂತು ಗಾಳ ಹಾಕುವವನಿಗೆ ದಿನಕ್ಕೆ ಸಿಗುವುದು ಸರಾಸರಿ ಎರಡು ಮೀನು. ದಡದಲ್ಲಿ ಸಿಕ್ಕ ಮೀನುಗಳಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು, ಅವುಗಳಲ್ಲಿ ಹಲವು ಮರಿಗಳೆಂಬ ಕಾರಣಕ್ಕೆ, ಮತ್ತೆ ನೀರಿಗೇ ಬಿಡಲಾಗುತ್ತದೆ. ಉಳಿಯುವುದು ಅರ್ಧ ಮೀನು. ಚಳಿಗಾಳಿಯಲ್ಲಿ ಇಡೀ ದಿನ ನಿಂತು ಅರ್ಧ ಮೀನು ತರುವವನು ಮೀನಿಗಾಗಿ ದುಡ್ಡು ಕೊಡುತ್ತಿಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞರು ಹೇಳಬೇಕಾಗಿಲ್ಲ. ದಾರ ಒಮ್ಮೆ ಬಿಗಿಯಾಗಬಹುದು ಎಂಬ ಆಸೆಗೆ ಅವನು ದುಡ್ಡು ಕೊಡುತ್ತಾನೆ, ಮತ್ತು ಆ ಆಸೆ ಹುಟ್ಟಬೇಕಾದರೆ ನೀರಿನಲ್ಲಿ ಮೀನು ಇರಲೇಬೇಕು.

ಹಾಗಾದರೆ ಆ ದುಡ್ಡಿನಿಂದ ದೇಶಕ್ಕೆ ಏನು ಸಿಕ್ಕಿತು? 123 ಕೋಟಿಯಲ್ಲಿ ತೆರಿಗೆಯನ್ನೂ ಆಮದು ಸಾಮಾನಿನ ಪಾಲನ್ನೂ ಕಳೆದ ಮೇಲೆ ಇಂಗ್ಲೆಂಡಿನ ಆರ್ಥಿಕತೆಗೆ ನೇರವಾಗಿ ಸೇರಿದ್ದು 83 ಕೋಟಿ ಪೌಂಡ್. ಅದರ ಬಲದಿಂದ ನಿಂತ ಪೂರ್ಣಾವಧಿ ಉದ್ಯೋಗಗಳು ಸುಮಾರು 10,400. ಒಬ್ಬರ ಖರ್ಚು ಇನ್ನೊಬ್ಬರ ಸಂಬಳವಾಗಿ, ಆ ಸಂಬಳ ಮತ್ತೊಬ್ಬರ ವ್ಯಾಪಾರವಾಗಿ ಸುತ್ತುವುದನ್ನೂ ಸೇರಿಸಿದರೆ ಉದ್ಯೋಗಗಳು 23,600ಕ್ಕೆ ಏರುತ್ತವೆ. ಹವ್ಯಾಸಿಗಳ ಪರವಾಗಿ ವಾದಿಸುವವರಿಗೆ ಈ ಎರಡನೆಯ ಸಂಖ್ಯೆಯೇ ಹೆಚ್ಚು ಇಷ್ಟ. ನನಗೆ ಅದರ ಬಗ್ಗೆ ಸಂಕೋಚವಿದೆ, ಏಕೆಂದರೆ ನಾಳೆ ಗಾಳ ಹಾಕುವುದನ್ನೇ ನಿಷೇಧಿಸಿದರೂ ಆ ಹಣ ಸಮುದ್ರಕ್ಕೆ ಬಿದ್ದು ಹೋಗುವುದಿಲ್ಲ. ಫುಟ್‌ಬಾಲ್ ಟಿಕೆಟ್ಟಿಗೋ ತೋಟದ ಗಿಡಗಳಿಗೋ ಬೇರೆ ದಾರಿ ಹುಡುಕಿಕೊಂಡು ಹೋಗುತ್ತದೆ. ಖರ್ಚನ್ನೇ ಕೊಡುಗೆ ಎಂದು ಕರೆಯುವುದು ಒಂದೇ ನಾಣ್ಯವನ್ನು ಎರಡು ಕಡೆಯಿಂದ ಎಣಿಸಿದಂತೆ.

ಆದರೂ ನಾನು ಈ ಲೆಕ್ಕವನ್ನು ತಳ್ಳಿಹಾಕುವುದಿಲ್ಲ. ದೇಶದ ಒಟ್ಟು ಮೊತ್ತಕ್ಕಿಂತ ಹಣ ಬೀಳುವ ಜಾಗ ಮತ್ತು ಕಾಲ ಮುಖ್ಯ. ಇಂಗ್ಲೆಂಡಿನ ಕರಾವಳಿಯ ಸಣ್ಣ ಊರುಗಳಲ್ಲಿ ಬೇಸಿಗೆಯ ಪ್ರವಾಸಿಗಳು ಹೋದ ಮೇಲೆ ಐಸ್‌ಕ್ರೀಮ್ ಅಂಗಡಿಗಳು ಬಾಗಿಲು ಹಾಕುತ್ತವೆ, ವಸತಿಗೃಹಗಳ ಕೋಣೆಗಳು ಖಾಲಿ ಬೀಳುತ್ತವೆ. ಡಾರ್ಸೆಟ್ಟಿನ ಚೆಸಿಲ್ ಬೀಚಿನ ಬೆಣಚುಕಲ್ಲುಗಳ ರಾಶಿಯ ಮೇಲೆ ನವೆಂಬರಿನ ರಾತ್ರಿಯಲ್ಲಿ ತಲೆದೀಪ ಕಟ್ಟಿಕೊಂಡು ಕಾಡ್, ವೈಟಿಂಗ್ ಮೀನುಗಳಿಗಾಗಿ ಬರುವವರು ಗಾಳ ಹಾಕುವವರು ಮಾತ್ರ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಮರಳುಹುಳಗಳನ್ನು ಎಣಿಸಿ ಕೊಡುವ ಅಂಗಡಿಯವನಿಗೂ, ಬಿಸಿ ಚಹಾ ಮಾರುವವಳಿಗೂ ಆ ರಾತ್ರಿಯ ಗಿರಾಕಿಗೆ ಬದಲಿ ಇಲ್ಲ. ಆ ದುಡ್ಡು ಲಂಡನ್ನಿನ ಸಿನಿಮಾ ಮಂದಿರಕ್ಕೆ ಹೋದರೆ ದೇಶದ ಲೆಕ್ಕದಲ್ಲಿ ವ್ಯತ್ಯಾಸ ಕಾಣದು; ಅಂಗಡಿ ಮಾತ್ರ ಮುಚ್ಚುತ್ತದೆ.

ಈ ಲೆಕ್ಕ ಜಗಳಕ್ಕೆ ಬಂದದ್ದು ಸೀ ಬಾಸ್ ಎಂಬ ಮೀನಿನ ವಿಚಾರದಲ್ಲಿ. ಅದರ ಸಂತತಿ ಕುಸಿದಾಗ 2015ರಲ್ಲಿ ಹವ್ಯಾಸಿಗೆ ದಿನಕ್ಕೆ ಮೂರೇ ಮೀನು ಎಂಬ ಮಿತಿ ಬಂತು, ಇಟ್ಟುಕೊಳ್ಳಬಹುದಾದ ಮೀನಿನ ಕನಿಷ್ಠ ಉದ್ದ 36 ಸೆಂಟಿಮೀಟರಿನಿಂದ 42ಕ್ಕೆ ಏರಿತು. 2018ರ ಮೊದಲ ಒಂಬತ್ತು ತಿಂಗಳು ಒಂದನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ನಾವು ಇಷ್ಟು ದುಡ್ಡು ಸುರಿಯುತ್ತೇವೆ, ಬಲೆಯವರಿಗೆ ಪಾಲಿಟ್ಟು ನಮಗೆ ಮಾತ್ರ ಯಾಕೆ ಈ ಶಿಕ್ಷೆ ಎಂದು ಹವ್ಯಾಸಿಗಳು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ವಾದ ಸ್ವಲ್ಪ ಅವರ ಕಾಲಿಗೇ ತೊಡರುತ್ತದೆ. ಹಣ ಹರಿಯುವುದು ಆಸೆಯಿಂದಲೇ ಆದರೆ, ಬಿಟ್ಟುಬಿಡುವ ಮೀನಿಗೂ ಅಷ್ಟೇ ಬೆಲೆಯಿದೆ. ಬಲೆಗೆ ಬಿದ್ದ ಬಾಸ್ ಒಮ್ಮೆ ಮಾರಾಟವಾಗುತ್ತದೆ, ಗಾಳದಿಂದ ಜೀವಂತ ಬಿಡಿಸಿದ ಬಾಸ್ ಮುಂದಿನ ವಾರ ಇನ್ನೊಬ್ಬನ ಪೆಟ್ರೋಲು, ಎರೆ, ಚಹಾದ ಖರ್ಚಿಗೆ ಕಾರಣವಾಗುತ್ತದೆ. ಹಾಗೆ ಬಿಟ್ಟ ಮೀನುಗಳೆಲ್ಲ ಬದುಕುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಮೀನು ಹೋದರೆ ಏನಾಗುತ್ತದೆಂದು ಯಾರ್ಕ್‌ಷೈರಿನ ಸ್ಕಾರ್‌ಬರೋ ಊರು ಕಂಡಿದೆ. 1930ರ ದಶಕದಲ್ಲಿ ಶ್ರೀಮಂತ ಹವ್ಯಾಸಿಗಳು ಅಲ್ಲಿಂದ ಉತ್ತರ ಸಮುದ್ರಕ್ಕೆ ಹೋಗಿ ದೈತ್ಯ ಬ್ಲೂಫಿನ್ ಟ್ಯೂನಾ ಹಿಡಿಯುತ್ತಿದ್ದರು. 1933ರಲ್ಲಿ ಹಿಡಿದ ಒಂದು ಮೀನು 851 ಪೌಂಡ್ ತೂಗಿತ್ತು. ಕೆಲವು ದಶಕಗಳಲ್ಲಿ ಮೀನು ಕಾಣೆಯಾಯಿತು, ಮೀನಿನ ಹಿಂದೆ ಬಂದಿದ್ದ ಹಣವೂ ಹೋಯಿತು. ಇತ್ತೀಚಿನ ವರ್ಷಗಳಲ್ಲಿ ಟ್ಯೂನಾ ಬ್ರಿಟನ್ನಿನ ನೀರಿಗೆ ಮರಳಿದಾಗ, 2021ರಿಂದ ಇಂಗ್ಲೆಂಡಿನಲ್ಲಿ ಅನುಮತಿ ಪಡೆದ ದೋಣಿಗಳು ಗಿರಾಕಿಗಳನ್ನು ಕರೆದೊಯ್ದು, ಮೀನು ಹಿಡಿಸಿ, ಗುರುತಿನ ಚೀಟಿ ಸಿಕ್ಕಿಸಿ, ನೀರಿಗೆ ಬಿಡುವ ಯೋಜನೆ ಆರಂಭವಾಯಿತು. ಗಿರಾಕಿಯ ಬುಟ್ಟಿಗೆ ಅಲ್ಲಿ ಅರ್ಧ ಮೀನೂ ಇಲ್ಲ.

ಸುರತ್ಕಲ್ಲಿನ ಬಂಡೆಯ ಮೇಲೆ ಇಷ್ಟು ವರ್ಷ ಕುಳಿತರೂ ಎಷ್ಟು ಖರ್ಚಾಯಿತು, ಎಷ್ಟು ಸಿಕ್ಕಿತು ಎಂದು ನನ್ನನ್ನು ಕೇಳಿದವರು ಅಮ್ಮ ಒಬ್ಬರೇ. ಆ ಭಾನುವಾರದ ಮೀನನ್ನು ಅವರು ಬೈಯುತ್ತಲೇ ಹುರಿದು, ಮುಳ್ಳು ಬಿಡಿಸಿ, ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು.