ಒದ್ದೆಯಾದ ಮೊಬೈಲಿನ ಆರೈಕೆ

ಆತ್ಮೀಯ ಕೇಳುಗರೇ,

ಮೊಬೈಲು ನೀರಿಗೆ ಬಿದ್ದಾಗ ಹೆಚ್ಚಿನವರು ಮಾಡುವ ಕೆಲಸ ಒಂದೇ. ಮೇಲೆತ್ತಿ, ಬಟ್ಟೆಗೆ ಒರೆಸಿ, ಗುಂಡಿ ಒತ್ತಿ, ಪರದೆಯಲ್ಲಿ ಬೆಳಕು ಬರುತ್ತದೆಯೇ ಎಂದು ನೋಡುತ್ತಾರೆ. ಬಂದರೆ ಸಮಾಧಾನ, ಬಾರದಿದ್ದರೆ ಚಾರ್ಜರಿಗೆ ಸಿಕ್ಕಿಸಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಸಹಜವಾದ ಈ ಕಾತರವೇ ಎಷ್ಟೋ ಸಲ ನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಅಪ್ಪಟ ಶುದ್ಧ ನೀರು ವಿದ್ಯುತ್ತಿನ ಒಳ್ಳೆಯ ವಾಹಕವಲ್ಲ. ಆದರೆ ನಲ್ಲಿಯ ನೀರು, ಬೆವರು, ಚಹಾ, ಸಮುದ್ರದ ನೀರು ಇವುಗಳಲ್ಲೆಲ್ಲ ಲವಣಗಳು ಕರಗಿರುವುದರಿಂದ ವಿದ್ಯುತ್ತು ಹರಿಯಬಾರದ ಕಡೆಗೂ ಹರಿಯುತ್ತದೆ. ಆ ಕ್ಷಣವೇ ಶಾರ್ಟ್ ಆಗುವುದು ಒಂದು ಅಪಾಯ. ಇನ್ನೊಂದು ಅಪಾಯ ನಿಧಾನವಾದದ್ದು. ಮೊಬೈಲಿನೊಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿನಲ್ಲಿ ಕೂದಲೆಳೆಯ ಅಂತರದಲ್ಲಿರುವ ಎರಡು ತಾಮ್ರದ ಗೆರೆಗಳ ನಡುವೆ ಒಂದು ಹನಿ ನಿಂತು, ಆ ಗೆರೆಗಳಲ್ಲಿ ವಿದ್ಯುತ್ತೂ ಇದ್ದರೆ, ಧನ ತುದಿಯ ಲೋಹ ಸ್ವಲ್ಪಸ್ವಲ್ಪವಾಗಿ ಕರಗಿ, ನೀರಿನ ಮೂಲಕ ಸಾಗಿ, ಋಣ ತುದಿಯ ಮೇಲೆ ಕೂಡಿಕೊಂಡು, ಅಲ್ಲಿಂದ ಟಿಸಿಲೊಡೆದು ಮತ್ತೆ ಧನ ತುದಿಯತ್ತ ಬೆಳೆಯುತ್ತ ಬರುತ್ತದೆ. ಒಂದೆಡೆ ಗೆರೆ ಸವೆದು ಕಡಿಯುತ್ತದೆ, ಇನ್ನೊಂದೆಡೆ ಸೇರಬಾರದ ಎರಡು ಗೆರೆಗಳು ಬೆಸೆದುಕೊಳ್ಳುತ್ತವೆ. ನೀರಿಗೆ ಬಿದ್ದ ದಿನ ಚೆನ್ನಾಗಿಯೇ ಇದ್ದ ಮೊಬೈಲು ವಾರ ಕಳೆದ ಮೇಲೆ ಇದ್ದಕ್ಕಿದ್ದಂತೆ ಕೈಕೊಡುವುದು ಹೀಗೆ. ಅದನ್ನು ಬಿಚ್ಚಿ ನೋಡಿದರೆ ಹಳೆಯ ತಾಮ್ರದ ಪಾತ್ರೆಗೆ ಹಿಡಿದಂಥ ಹಸಿರು ಕಿಲುಬು ಕಾಣಿಸುತ್ತದೆ. ವಿದ್ಯುತ್ತು ಇಲ್ಲದಿದ್ದರೆ ಇದೇ ಕ್ರಿಯೆ ಬಹಳ ಮಂದವಾಗಿ ನಡೆಯುತ್ತದೆ.

ಆದ್ದರಿಂದ ನೀರಿನಿಂದ ಎತ್ತಿದ ಕೂಡಲೇ ಮಾಡಬೇಕಾದದ್ದು ಸ್ವಿಚ್ ಆಫ್. ಬ್ಯಾಟರಿ ತೆಗೆಯಲು ಬರುವ ಮಾದರಿಯಾದರೆ ಅದನ್ನೂ ತೆಗೆದುಬಿಡಬೇಕು. ಚಾರ್ಜಿಗೆ ಹಾಕಿದ್ದಾಗಲೇ ಒದ್ದೆಯಾಗಿದ್ದರೆ, ಮೊಬೈಲನ್ನು ಮುಟ್ಟುವ ಮೊದಲು ಒಣಗಿದ ಕೈಯಿಂದ ಗೋಡೆಯ ಸ್ವಿಚ್ ಆರಿಸಬೇಕು. ಇಲ್ಲೊಂದು ತೊಡಕಿದೆ. ನೀರಿನ ಹನಿಯನ್ನು ಪರದೆಯು ಬೆರಳಿನ ಸ್ಪರ್ಶವೆಂದೇ ಬಗೆಯುವುದರಿಂದ, ಒದ್ದೆ ಪರದೆ ನಮ್ಮ ಮಾತು ಕೇಳುವುದಿಲ್ಲ. ಮುಟ್ಟದ ಕಡೆ ಅದುಮಿದಂತಾಗಿ ಏನೇನೋ ತೆರೆದುಕೊಳ್ಳುತ್ತದೆ. ಪರದೆಯನ್ನು ಒರೆಸಿಕೊಂಡು ಮುಂದುವರಿಯಬೇಕು. ಪರದೆಯ ನೆರವಿಲ್ಲದೆ ಗುಂಡಿಗಳಿಂದಲೇ ಆರಿಸುವ ಕ್ರಮ ತಮ್ಮ ಮೊಬೈಲಿನಲ್ಲಿ ಉಂಟೇ ಎಂಬುದನ್ನು ಇಂದೇ ನೋಡಿಟ್ಟುಕೊಳ್ಳುವುದು ಲೇಸು.

ಅನಂತರ ಹೊರಗವಚ ಕಳಚಿ, ಸಿಮ್ ಟ್ರೇ ಹೊರತೆಗೆದು, ಚಾರ್ಜಿಂಗ್ ಕಿಂಡಿ ಕೆಳಮುಖವಾಗುವಂತೆ ಹಿಡಿದು, ಅಂಗೈಗೆ ಮೆಲ್ಲನೆ ತಟ್ಟಬೇಕು. ಕಿಂಡಿಯ ಬಾಯಲ್ಲಿ ಹನಿ ಬಂದು ನಿಲ್ಲುವುದು ಕಾಣಿಸುತ್ತದೆ. ಅದನ್ನು ಬಟ್ಟೆಯ ಅಂಚಿಗೆ ಹೀರಿಸಿದರೆ ಸಾಕು. ಜೋರಾಗಿ ಕೊಡವಿದರೆ, ಬಾಯಿಂದ ಊದಿದರೆ, ಹತ್ತಿ ಸುತ್ತಿದ ಕಡ್ಡಿ ತೂರಿಸಿದರೆ ನೀರು ಇನ್ನಷ್ಟು ಒಳಗೆ ಸರಿಯುತ್ತದೆ. ಹೇರ್ ಡ್ರೈಯರ್ ಮಾಡುವುದೂ ಅದನ್ನೇ. ಮೇಲಾಗಿ ಅದರ ಬಿಸಿಗೆ ಒಳಗಿನ ಅಂಟು ಸಡಿಲಗೊಳ್ಳುತ್ತದೆ, ಲಿಥಿಯಮ್ ಬ್ಯಾಟರಿಗೂ ಕೇಡು. ಒಲೆಯ ಮಗ್ಗುಲು, ಸುಡುಬಿಸಿಲು, ಮೈಕ್ರೋವೇವ್ ಇವುಗಳ ಮಾತಂತೂ ಬೇಡವೇ ಬೇಡ. ಫ್ಯಾನಿನ ತಂಗಾಳಿಯೇ ಎಲ್ಲಕ್ಕಿಂತ ಮೇಲು.

ಇನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯ. ಅಕ್ಕಿಯ ಚೂರುಗಳಿಂದ ಮೊಬೈಲಿಗೆ ಹಾನಿಯಾಗಬಹುದು, ಹಾಗೆ ಮಾಡಬೇಡಿ ಎಂದು ಆಪಲ್ ಕಂಪನಿ ತನ್ನ ಸೂಚನೆಗಳಲ್ಲೇ ಬರೆದಿದೆ. ಹಿಟ್ಟು, ಧೂಳು ಕಿಂಡಿಯಲ್ಲಿ ಸೇರುವುದು ನಿಜ. ಆದರೆ ನನ್ನ ತಕರಾರು ಬೇರೆ: ಅಕ್ಕಿಯಲ್ಲಿಟ್ಟವರು ಚಿಕಿತ್ಸೆ ಆಯಿತೆಂದು ನೆಮ್ಮದಿಯಾಗಿ ಕುಳಿತುಬಿಡುತ್ತಾರೆ. ಒಣಗಿಸುವುದು ಬೇರೆ, ಶುಚಿಗೊಳಿಸುವುದು ಬೇರೆ. ನೀರು ಆವಿಯಾದರೂ ಅದರೊಳಗಿನ ಉಪ್ಪು, ಸಕ್ಕರೆ, ಸೋಪು ಮದರ್‌ಬೋರ್ಡಿನ ಮೇಲೆಯೇ ಉಳಿದು, ಗಾಳಿಯ ತೇವವನ್ನು ಹೀರುತ್ತ ಕೆಡಿಸುವ ಕೆಲಸ ಮುಂದುವರಿಸುತ್ತವೆ. ರಿಪೇರಿ ಮಾಡುವವರು ಮೊಬೈಲು ಬಿಚ್ಚಿ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯುವುದು ಈ ಕಾರಣಕ್ಕೆ. ಅದು ನೀರಿನೊಡನೆ ಬೆರೆತು, ಹಿಂದೆ ಏನನ್ನೂ ಉಳಿಸದೆ ಬೇಗ ಆರಿಹೋಗುತ್ತದೆ. ಮೊಬೈಲು ಪೂರ್ತಿ ಮುಳುಗಿದ್ದರೆ, ಅದರಲ್ಲೂ ಉಪ್ಪುನೀರಿಗೋ ಪಾನೀಯಕ್ಕೋ ಬಿದ್ದಿದ್ದರೆ, ಸ್ವಿಚ್ ಆಫ್ ಆದ ಸ್ಥಿತಿಯಲ್ಲೇ ಅಂದೇ ಅವರ ಕೈಗೆ ಕೊಡುವುದು ಮನೆಯಲ್ಲಿ ಮೂರು ದಿನ ಒಣಗಿಸುವುದಕ್ಕಿಂತ ಉತ್ತಮ.

ತಮ್ಮ ಮೊಬೈಲಿಗೆ ಐಪಿ 68 ದರ್ಜೆಯಿದೆ, ಚಿಂತೆಯಿಲ್ಲ ಎನ್ನುವವರಿಗೂ ಒಂದು ಮಾತು. ಇಲ್ಲಿ 6 ಎಂಬುದು ಧೂಳಿನಿಂದ ಇರುವ ರಕ್ಷಣೆ, 8 ನೀರಿನಿಂದ ಇರುವ ರಕ್ಷಣೆ. ಈ ಎರಡನೆಯ ಅಂಕಿ 7 ಎಂದಿದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಾಳುತ್ತದೆ. 8 ಎಂದಿದ್ದರೆ ಅದಕ್ಕಿಂತ ಕಠಿಣವಾಗಿ, ತಯಾರಕರು ಹೇಳಿದ ಆಳ ಮತ್ತು ಅವಧಿಯವರೆಗೆ. ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಸಿಹಿನೀರಿನಲ್ಲಿ, ಹೊಸ ಮೊಬೈಲಿನ ಮೇಲೆ. ವರ್ಷಗಳು ಕಳೆದಂತೆ ಅಂಚಿನ ಅಂಟು ಬಲ ಕಳೆದುಕೊಳ್ಳುತ್ತದೆ. ಒಮ್ಮೆ ಕೆಳಗೆ ಬಿದ್ದು ಗಾಜು ಬಿರಿದರೆ ದರ್ಜೆಯ ಮಾತೇ ಮುಗಿಯಿತು. ಇಂಥ ಮೊಬೈಲುಗಳಿಗೂ ನೀರಿನ ಹಾನಿಯನ್ನು ವಾರಂಟಿಯಿಂದ ಹೊರಗಿಡುವುದು ಕಂಪನಿಗಳ ಸಾಮಾನ್ಯ ರೂಢಿ. ಸಿಮ್ ಟ್ರೇಯ ಗೂಡಿನಲ್ಲಿ ಅನೇಕ ಮಾದರಿಗಳಿಗೆ ಪುಟ್ಟದೊಂದು ಬಿಳಿಯ ಗುರುತು ಇರುತ್ತದೆ. ನೀರು ತಗುಲಿದರೆ ಅದು ಕೆಂಪಾಗುತ್ತದೆ.

ಕೇವಲ ಕಿಂಡಿ ಒದ್ದೆಯಾಗಿ, ತೇವಾಂಶವಿದೆ ಎಂಬ ಎಚ್ಚರಿಕೆ ಪರದೆಯಲ್ಲಿ ಬಂದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಬಹುದು. ಪೂರ್ತಿ ಆರಲು ಒಂದು ದಿನವೂ ಹಿಡಿಯಬಹುದು. ಮುಳುಗಿದ್ದ ಮೊಬೈಲನ್ನು ರಿಪೇರಿಗೆ ಒಯ್ಯಲಾಗದಿದ್ದರೆ ಕನಿಷ್ಠ ಎರಡು ದಿನ ಮುಟ್ಟದಿರುವುದೇ ಕ್ಷೇಮ. ಬೆನ್ನು ಉಬ್ಬಿದ್ದರೆ, ಸುಮ್ಮನಿದ್ದಾಗಲೇ ಬಿಸಿಯಾಗುತ್ತಿದ್ದರೆ, ಚಾರ್ಜಿಗೆ ಹಾಕಲೇಬಾರದು; ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು ತಿಳಿದವರಿಗೆ ಒಪ್ಪಿಸಬೇಕು. ಮೊಬೈಲು ಸರಿಯಾಗಿ ಆನ್ ಆಗಿ ಕೆಲಸ ಆರಂಭಿಸಿದರೆ, ಯಾರಿಗಾದರೂ ಕರೆ ಮಾಡಿ ಸಂತೋಷ ಹಂಚಿಕೊಳ್ಳುವ ಮೊದಲು, ಒಳಗಿರುವ ಫೋಟೋಗಳನ್ನೂ ನಂಬರುಗಳನ್ನೂ ಬೇರೊಂದು ಕಡೆಗೆ ನಕಲು ಮಾಡಿಕೊಳ್ಳಿ. ಮೈಕು, ಸ್ಪೀಕರು, ಕ್ಯಾಮೆರಾದ ಗಾಜಿನ ಮಂಜು, ಇವನ್ನೆಲ್ಲ ಆಮೇಲೆ ನೋಡಿದರಾಯಿತು.