ಮೊದಲು ತೂಕ ಕೇಳ್ರಿ

ಅಧ್ಯಕ್ಷರೇ, ಅರೆ ಕಾನೂನು ಸ್ವಯಂಸೇವಕರೇ, ಕಾನೂನು ಕಾಲೇಜಿನ ಹುಡುಗರೇ,

ಇವತ್ತು ಜೂನ್ 26, ಮಾದಕ ವಸ್ತು ವಿರೋಧಿ ದಿನ. ಬೆಳಿಗ್ಗೆ ಜಾಥಾ ಆಯ್ತು, ಪ್ರತಿಜ್ಞೆಯೂ ಆಯ್ತು. ಮಾದಕ ವಸ್ತುವಿನಿಂದ ದೂರ ಇರಿ ಅಂತ ನನಗಿಂತ ಮೊದಲು ಮಾತಾಡಿದವರೆಲ್ಲ ಹೇಳಿದ್ದಾರೆ. ನಾನು ಮಾತಾಡೋದು ದೂರ ಇರದೆ ಸಿಕ್ಕಿಬಿದ್ದವರ ಬಗ್ಗೆ. ಅವರ ಪರ ನಿಲ್ಲೋದು ಗಾಂಜಾದ ಪರ ನಿಂತಂಗಲ್ಲ. ಇದನ್ನ ನಮ್ಮ ಮನಿಯಾಗೂ ಹೇಳಿ ಹೇಳಿ ಸಾಕಾಗ್ಯದ.

ಗಾಂಜಾ ಕೇಸಿನವರ ಮನೆಯವರು ಬಂದ ಕೂಡಲೇ ಕೇಳೋದು, "ಎಷ್ಟ್ ರೊಕ್ಕ ಆಗ್ತದ್ರಿ?" ನಾನು ತಿರುಗಿ ಕೇಳೋದು, "ತೂಕ ಎಷ್ಟು?" 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ತಡೆಯೋ ಕಾನೂನು, ನಿಂತಿರೋದೇ ತಕ್ಕಡಿ ಮೇಲೆ. ಗಾಂಜಾ 1 ಕೆ.ಜಿ. ಒಳಗಿದ್ದರೆ ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ ದಂಡ, ಇಲ್ಲವೇ ಎರಡೂ. 20 ಕೆ.ಜಿ. ದಾಟಿದರೆ ಕನಿಷ್ಠ 10 ವರ್ಷ, ಮೇಲೆ ಕಲಂ 37. ಆರೋಪಿ ತಪ್ಪು ಮಾಡಿಲ್ಲ ಅಂತ ನಂಬೋಕೆ ನ್ಯಾಯಾಧೀಶರಿಗೆ ಸರಿಯಾದ ಕಾರಣ ಕಾಣಬೇಕು, ಹೊರಗೆ ಬಂದು ಯಾವ ಅಪರಾಧವನ್ನೂ ಮಾಡೋದಿಲ್ಲ ಅಂತಲೂ ಅನಿಸಬೇಕು. ಆಗ ಮಾತ್ರ ಜಾಮೀನು. ಚಾರ್ಜ್‌ಶೀಟಿಗೂ 180 ದಿನ ಅವಕಾಶ.

ಚಿಂಚೋಳಿ ಕಡೆಯ ಒಬ್ಬ ರೈತ ಬಂದಿದ್ದ. ತೊಗರಿ ಸಾಲಿನ ನಡುವೆ ಮಗ ಗಿಡ ಹಚ್ಚಿದ್ದನಂತೆ. ಕಿತ್ತು, ಗೋಣಿಚೀಲಕ್ಕೆ ತುಂಬಿ, ತೂಗಿ, ಪಂಚನಾಮೆಯಲ್ಲಿ "22 ಕೆ.ಜಿ. ಹಸಿ ಗಾಂಜಾ" ಅಂತ ಬರೆದಿದ್ದರು. ಮುದುಕ ನನ್ನೆದುರು ಕೂತು ಹೇಳಿದ: "ಸಾಹೇಬ್ರ, ಗಂಜ್ ಮಾರ್ಕೆಟ್‌ನಾಗ ನಮ್ಮ ತೊಗರಿಗೆ ಹಸಿ ಅದ ಅಂತ ತೂಕ ಕಡೀತಾರ, ಕಸ ಅದ ಅಂತ ಕಡೀತಾರ. ಇಲ್ಲಿ ಬೇರಿನ ಮಣ್ಣೂ ಹಿಡಿದು ತೂಗ್ಯಾರಲ್ರಿ!" ನಾನು ನಕ್ಕೆ, ಆಮೇಲೆ ಕಾಯ್ದೆ ತೆಗೆದೆ. ಕಲಂ 2ರ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ತುದಿ ಬೇರೆ ಮಾಡಿ ತೂಗಿದರೋ ಇಲ್ಲವೋ ಅಂತ ಪಂಚನಾಮೆಯಲ್ಲಿ ಒಂದಕ್ಷರ ಇರಲಿಲ್ಲ. ಮುದುಕನ ಮಾತನ್ನೇ ಕಾನೂನಿನ ಭಾಷೆಗಿಳಿಸಿ ವಾದಿಸಿದೆ, ಜಾಮೀನು ಸಿಕ್ಕಿತು. ಗಿಡ ಬೆಳೆಸಿದ ಆರೋಪ ಬೇರೆ, ಅದಕ್ಕೂ 10 ವರ್ಷದ ತನಕ ಶಿಕ್ಷೆ ಉಂಟು, ಆ ವಿಚಾರಣೆ ನಡೆದೇ ನಡೆಯಿತು.

ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ನನ್ನ ಹತ್ತಿರ ಬರೋ ಹೊತ್ತಿಗೆ ಆ ಮುದುಕ ಎತ್ತು ಮಾರಿ ಯಾವನೋ ದಲ್ಲಾಳಿ ಕೈಗೆ ರೊಕ್ಕ ಕೊಟ್ಟು ಕೂತಿದ್ದ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, ಕಲಂ 12: ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. "ಪುಕ್ಕಟೆ ವಕೀಲ ಏನ್ ವಾದ ಮಾಡ್ತಾನ" ಅಂತ ಜನ ಮೂಗು ಮುರೀತಾರೆ. ದಲ್ಲಾಳಿ ಯಾವ ಕೋರ್ಟಿನಲ್ಲಿ ವಾದ ಮಾಡಿದ್ದ, ಹೇಳ್ರಿ? ಊರಲ್ಲಿ ಯಾರನ್ನಾದರೂ ಹಿಡಿದರು ಅಂತ ಗೊತ್ತಾದ ಕೂಡಲೇ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಫೋನ್ ಹಚ್ಚಿಸ್ರಿ, ಇಲ್ಲಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಕರ್ಕೊಂಡು ಹೋಗ್ರಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತಾರಲ್ಲ, ಆಗಲೇ ಪಕ್ಕದಲ್ಲಿ ವಕೀಲರಿರಬೇಕು. ತೂಕದ ಪ್ರಶ್ನೆ ಅಲ್ಲೇ ಎತ್ತಬೇಕು.

ಚೀಟಿ ಬಂತು. ಊಟಕ್ಕೆ ಹೊತ್ತಾಗ್ಯದ ಅಂತ ಕಾಣ್ತದ, ಬೇಗ ಹೇಳಿಬಿಡ್ತೀನಿ. ಎನ್‌ಡಿಪಿಎಸ್ ಕಾಯ್ದೆಯ ಕಲಂ 50: ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟ್ ಮುಂದೆ ಆಗಲಿ ಅಂತ ಕೇಳೋ ಹಕ್ಕಿದೆ ಎಂದು ಪೊಲೀಸರೇ ಹೇಳಬೇಕು. 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನ ಖಡಾಖಂಡಿತ ಹೇಳಿದೆ. ಕೈಯಲ್ಲಿರೋ ಚೀಲಕ್ಕೆ ಇದು ಅನ್ವಯಿಸೋದಿಲ್ಲ, ಹುಡುಗರು ಪರೀಕ್ಷೆಯಲ್ಲಿ ಎಡವೋದು ಇಲ್ಲೇ. ಹೆಣ್ಣುಮಕ್ಕಳ ತಪಾಸಣೆ ಹೆಣ್ಣುಮಕ್ಕಳೇ ಮಾಡಬೇಕು. ಕಲಂ 52ಎ, ಮ್ಯಾಜಿಸ್ಟ್ರೇಟ್ ಮುಂದೆ ಸ್ಯಾಂಪಲ್ ತೆಗೆಯೋದು, ಮನೆಯಲ್ಲಿ ಓದಿಕೊಳ್ರಿ.

64ಎ ಒಂದು ಬಿಡೋಕಾಗೋದಿಲ್ಲ. ಸೇದಿದ ಕೇಸು, ಸಣ್ಣ ಪ್ರಮಾಣದ ಕೇಸು ಇರೋ ವ್ಯಸನಿ ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಇರೋ ಕಡೆ ಚಿಕಿತ್ಸೆಗೆ ಮುಂದಾದರೆ ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ಉಂಟು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಯಾರ ಕೇಸಿಗೆ ಇದು ಹೊಂದ್ತದ ಅಂತ ನೋಡೋಕೂ ಮತ್ತೆ ತೂಕವೇ ಬೇಕು. ಹಿಂದಿನ ಸಾಲಿನ ತಂಗಿ ಆಗಿನಿಂದ ಕೈ ಎತ್ತ್ಯಾಳ. ಕೇಳವ್ವಾ.